ಪಕ್ಕದ ಮನೆಯ ಹುಡುಗನ ಸೋಮವಾರ

ಯೂಟಾ ರಾಜ್ಯದ ಲೀಹೈ ಊರಿನಿಂದ ಓದುಗರೊಬ್ಬರು (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ) ಬರೆದಿದ್ದಾರೆ: “ಪಕ್ಕದ ಮನೆಯ ಹುಡುಗ ನನ್ನ ಕಣ್ಣೆದುರಿಗೇ ಬೆಳೆದವನು. ನಮ್ಮ ಮನೆಯ ಚಕ್ಕುಲಿ ಎಂದರೆ ಅವನಿಗೆ ಪ್ರಾಣ. ಹದಿನೆಂಟು ತುಂಬುತ್ತಲೇ ಧರ್ಮಪ್ರಚಾರಕ್ಕೆಂದು ಬ್ರೆಜಿಲ್‌ನ ರೆಸೀಫಿಗೆ ಹೊರಟುಹೋದ. ಎರಡು ವರ್ಷ ಮನೆಗೆ ಬರುವಂತಿಲ್ಲವಂತೆ. ತಾಯಿ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ. ಈ ವಯಸ್ಸಿನ ಹುಡುಗನನ್ನು ಹೀಗೆ ಕಳಿಸುವುದು ಸರಿಯೇ? ಅಲ್ಲಿ ವಾರವಿಡೀ ಅವನು ಮಾಡುವುದಾದರೂ ಏನು? ನಾನು ಅವನಿಗೆ ಚಕ್ಕುಲಿ ಕಳಿಸಬಹುದೇ?”

ಆತ್ಮೀಯ ಸಹೋದರಿ,

ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಬಟ್ಟೆ ಒಗೆಯುವ ಒಂದು ಕೋಣೆ. 1998ರಲ್ಲಿ ನಾನು ಅರಿಜೋನಾದ ಟೆಂಪಿಯಲ್ಲಿ ಓದುತ್ತಿದ್ದೆ. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ, ನಿಮ್ಮ ಪಕ್ಕದ ಮನೆಯ ಹುಡುಗನಂತೆಯೇ ಧರ್ಮಪ್ರಚಾರಕ್ಕೆ ಬಂದ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಇಬ್ಬರು ಹುಡುಗರಿದ್ದರು. ವಾರದ ಉಳಿದ ದಿನಗಳಲ್ಲಿ ಅವರು ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ಸೋಮವಾರ ಬೆಳಿಗ್ಗೆ ಮಾತ್ರ ನಾಣ್ಯ ಹಾಕುವ ವಾಷಿಂಗ್ ಮೆಷಿನ್ನಿನ ಮುಂದೆ ಸಿಗುತ್ತಿದ್ದರು. ಅವರಲ್ಲಿ ಒಬ್ಬ ಬಿಳಿ ಅಂಗಿಗಳನ್ನು ಒಂದೊಂದಾಗಿ ತೆಗೆದು, ಕಾಲರಿನ ಒಳಮಗ್ಗುಲಿಗೆ ಸೋಪು ಹಚ್ಚಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಆಮೇಲೆ ಮೆಷಿನ್ನಿಗೆ ಹಾಕುತ್ತಿದ್ದ. ಅವನ ಕಪ್ಪು ಬೂಟುಗಳ ಅಟ್ಟೆ ಹಿಮ್ಮಡಿಯ ಒಂದೇ ಮಗ್ಗುಲಿಗೆ ಸವೆದುಹೋಗಿತ್ತು. ಬಟ್ಟೆ ತಿರುಗುತ್ತಿರುವಷ್ಟು ಹೊತ್ತು ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಮನೆಗೆ ಪತ್ರ ಬರೆಯುತ್ತಿದ್ದ.

ಆ ಕಾಲದಲ್ಲಿ ಅವರು ಮನೆಗೆ ಫೋನ್ ಮಾಡಬಹುದಾಗಿದ್ದುದು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್ಸಿಗೆ ಮತ್ತು ಮೇ ತಿಂಗಳ ತಾಯಂದಿರ ದಿನಕ್ಕೆ. ಆ ಮೇ ತಿಂಗಳಲ್ಲಿ ಅವನು ಸಿಕ್ಕಿದಾಗ, “ನಾಲ್ಕೂವರೆ ತಿಂಗಳ ಮೇಲೆ ಅಮ್ಮನ ದನಿ ಕೇಳಿದೆ, ಮೊದಲ ಐದು ನಿಮಿಷ ನಾವಿಬ್ಬರೂ ಏನೂ ಮಾತಾಡಲಿಲ್ಲ” ಎಂದ. ಹಾಗೆ ಹೇಳಿ ಮತ್ತೆ ಕಾಲರ್ ತಿಕ್ಕತೊಡಗಿದ. ನನ್ನ ತಾಯಿಯೂ ಆಗ ಊರಿನಲ್ಲಿ ಒಬ್ಬರೇ ಇದ್ದರು. ಆ ದಿನ ಸಂಜೆಯೇ ನಾನು ಅವರಿಗೆ ಫೋನ್ ಮಾಡಿದೆ.

ನಿಮ್ಮ ನೆರೆಮನೆಯವರ ಪಾಲಿಗೆ ಈಗ ಕಾಲ ಅಷ್ಟು ಕಠಿಣವಾಗಿಲ್ಲ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಫೋನಿನಲ್ಲೋ ವಿಡಿಯೊದಲ್ಲೋ ಮನೆಯವರೊಡನೆ ಮಾತಾಡಲು ಅನುಮತಿಯಿದೆ. ಸಾಮಾನ್ಯವಾಗಿ ಅದು ಸೋಮವಾರ. ಅವರ ಭಾಷೆಯಲ್ಲಿ ಅದು ‘ಪಿ-ಡೇ’, ಅಂದರೆ ತಯಾರಿಯ ದಿನ. ಬಟ್ಟೆ, ದಿನಸಿ, ಕ್ಷೌರ, ಇಮೇಲ್, ಒಂದಿಷ್ಟು ಫುಟ್‌ಬಾಲ್, ಎಲ್ಲವೂ ಅವತ್ತೇ. ಸಂಜೆಯ ಹೊತ್ತಿಗೆ ಮತ್ತೆ ಅಂಗಿ ತೊಟ್ಟು, ಎದೆಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಹೊರಡಬೇಕು. ಆ ಪಟ್ಟಿಯ ಮೇಲೆ ಅವನ ಸ್ವಂತ ಹೆಸರಿರುವುದಿಲ್ಲ, ಮನೆತನದ ಹೆಸರಿನ ಹಿಂದೆ ‘ಎಲ್ಡರ್’ ಎಂದಿರುತ್ತದೆ. ಎಲ್ಡರ್ ಎಂದರೆ ಹಿರಿಯ. ನೀವು ಮುದ್ದಾಗಿ ಕರೆಯುತ್ತಿದ್ದ ಹೆಸರಿನಿಂದ ಎರಡು ವರ್ಷ ಅವನನ್ನು ಅಲ್ಲಿ ಯಾರೂ ಕರೆಯುವುದಿಲ್ಲ. ಮನೆಯವರ ಕರೆಗಾಗಿ ಅವನು ಕಾಯುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ಮಂಗಳವಾರದಿಂದ ಶನಿವಾರದವರೆಗೆ ದಿನಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಆರೂವರೆಗೆ ಏಳುವುದು, ವ್ಯಾಯಾಮ, ಧರ್ಮಗ್ರಂಥದ ಓದು, ಜೊತೆಗಾರನೊಂದಿಗೆ ಪಾಠ, ಪೋರ್ಚುಗೀಸ್ ಕಲಿಕೆ, ಆಮೇಲೆ ಬೀದಿ. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಬ್ರೆಜಿಲ್‌ನಲ್ಲಿ ಬಾಗಿಲು ಬಡಿಯುವ ಮೊದಲು ಗೇಟಿನ ಹೊರಗೆ ನಿಂತು ಚಪ್ಪಾಳೆ ತಟ್ಟುವ ರೂಢಿಯಿದೆ. ಸಮಭಾಜಕಕ್ಕೆ ಅಷ್ಟು ಹತ್ತಿರದ ಕರಾವಳಿಯಲ್ಲಿ, ಬೆವರಿನಿಂದ ಬೆನ್ನಿಗಂಟಿದ ಅಂಗಿಯಲ್ಲಿ, ಯಾರದೋ ಗೇಟಿನ ಮುಂದೆ ನಿಮ್ಮ ಹುಡುಗ ಚಪ್ಪಾಳೆ ತಟ್ಟುತ್ತಿರುವುದನ್ನು ಊಹಿಸಿಕೊಳ್ಳಿ. ಒಳಗಿನಿಂದ ನಾಯಿ ಬೊಗಳುತ್ತದೆ. ಯಾರೋ ಕಿಟಕಿಯಿಂದ ಇಣುಕಿ ಕೈಯಾಡಿಸುತ್ತಾರೆ. ಮುಂದಿನ ಗೇಟು. ಯಾರಾದರೂ ಒಳಗೆ ಕರೆದರೆ ಮೊದಲು ಬರುವುದು ಕಾಫಿ, ಅದು ಕಾಫಿಯ ನಾಡು. ಇವರ ಧರ್ಮದಲ್ಲಿ ಕಾಫಿ, ಟೀ, ಮದ್ಯ, ತಂಬಾಕು ನಿಷಿದ್ಧ. ಟೆಂಪಿಯ ಹುಡುಗರು ನಾನು ಮಾಡಿಟ್ಟ ಟೀಯನ್ನು ಬೇಡವೆಂದಾಗ ನನಗೆ ಮುಖಕ್ಕೆ ಹೊಡೆದಂತಾಗಿತ್ತು. ನೀರು ಕೇಳಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಮಧ್ಯಾಹ್ನದ ಊಟವನ್ನು ಅಲ್ಲಿನ ಅವರ ಚರ್ಚಿನ ಕುಟುಂಬಗಳು ಸರದಿಯ ಮೇಲೆ ಹಾಕುತ್ತವೆ. ಇದನ್ನು ತಿಳಿದಾಗ ನನಗೆ ನಮ್ಮ ವಾರಾನ್ನ ನೆನಪಾಯಿತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ನನ್ನ ತಂದೆಯೂ ಅವರಲ್ಲೊಬ್ಬರು. ಬುಧವಾರದ ಮನೆಯ ಸಾರಿನ ರುಚಿಯನ್ನು ಅವರು ಎಪ್ಪತ್ತನೆಯ ವಯಸ್ಸಿನಲ್ಲೂ ಹೇಳುತ್ತಿದ್ದರು. ನಿಮ್ಮ ಹುಡುಗನಿಗೂ ಹಾಗೆ ಒಬ್ಬ ಬುಧವಾರದ ತಾಯಿ, ಒಬ್ಬ ಶುಕ್ರವಾರದ ತಾಯಿ ಸಿಕ್ಕಿರುತ್ತಾರೆ, ಅನ್ನ ಮತ್ತು ಬೀನ್ಸ್ ಕಾಳಿನ ಗೊಜ್ಜು ಬಡಿಸಿ “ಇನ್ನೊಂದು ಚೂರು” ಎನ್ನುವವರು. ಅವನ ತಾಯಿಗೆ ಇದನ್ನು ತಪ್ಪದೆ ಹೇಳಿ.

ಇದೆಲ್ಲಕ್ಕಿಂತ ಕಷ್ಟದ ವಿಷಯ ಜೊತೆಗಾರ. ಇಪ್ಪತ್ತನಾಲ್ಕು ಗಂಟೆಯೂ ಒಬ್ಬರ ಕಣ್ಣಳವಿನಲ್ಲಿ ಇನ್ನೊಬ್ಬರು ಇರಬೇಕು. ಆ ಒಬ್ಬರನ್ನು ಆರಿಸಿಕೊಳ್ಳುವ ಹಕ್ಕು ಅವನಿಗಿಲ್ಲ. ಆರು ವಾರಕ್ಕೊಮ್ಮೆ ಬದಲಾವಣೆಯ ಪಟ್ಟಿ ಬರುತ್ತದೆ, ಊರೋ ಜೊತೆಗಾರನೋ ಬದಲಾಗಬಹುದು, ಬದಲಾಗದೆಯೂ ಇರಬಹುದು. ಟೆಂಪಿಯ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಆದರೂ ಒಬ್ಬನಿಗೆ ಜ್ವರ ಬಂದಾಗ ಇನ್ನೊಬ್ಬ ಮೂರು ದಿನ ಹೊರಗೆ ಹೋಗದೆ ಗಂಜಿಯಂಥದ್ದೇನೋ ಕಾಯಿಸಿ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ.

ಭಾನುವಾರ ಪ್ರಾರ್ಥನೆ, ರೊಟ್ಟಿ ಮತ್ತು ನೀರಿನ ಸಂಸ್ಕಾರ, ಹಾಡು. ಅದರ ಜೊತೆಗೆ ವಾರದ ಲೆಕ್ಕ: ಎಷ್ಟು ಮಂದಿ ಸಭೆಗೆ ಬಂದರು, ಎಷ್ಟು ಮಂದಿ ದೀಕ್ಷಾಸ್ನಾನದ ದಿನ ಗೊತ್ತುಮಾಡಿದರು. ಈ ಲೆಕ್ಕ ನನಗೆ ಹಿಡಿಸುವುದಿಲ್ಲ. ಇನ್ನೊಬ್ಬರ ನಂಬಿಕೆಯನ್ನು ಬದಲಿಸಲೆಂದು ಬಾಗಿಲಿಗೆ ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಆ ಹುಡುಗರಿಗೂ ಹಾಗೆಂದೇ ಹೇಳಿದ್ದೆ. ಅವರು ವಾದಿಸಲಿಲ್ಲ, ಮರುದಿನ ನನ್ನ ಸೋಫಾ ಮೇಲಕ್ಕೆ ಸಾಗಿಸಲು ಬಂದರು. ಹಾಗೆಂದು ಆ ಚರ್ಚಿನ ಇತಿಹಾಸದ ಕಳಂಕವನ್ನು ಮುಚ್ಚಿಡಲಾರೆ. ಆಫ್ರಿಕ ಮೂಲದ ಪುರುಷರಿಗೆ 1978ರ ಜೂನ್‌ವರೆಗೆ ಅಲ್ಲಿ ಪೌರೋಹಿತ್ಯದ ದೀಕ್ಷೆಯಿರಲಿಲ್ಲ. ಆ ತಡೆ ತೆಗೆದುಹಾಕಿದ ವರ್ಷವೇ ಅಕ್ಟೋಬರ್‌ನಲ್ಲಿ ಸಾವ್ ಪೌಲೊದಲ್ಲಿ ದಕ್ಷಿಣ ಅಮೆರಿಕದ ಅವರ ಮೊದಲ ದೇವಾಲಯ ತೆರೆಯಿತು. ಹಲವು ಜನಾಂಗಗಳ ರಕ್ತ ಬೆರೆತ ಬ್ರೆಜಿಲ್‌ನಲ್ಲಿ ಆ ನಿಯಮ ನಿಲ್ಲುವಂತೆಯೇ ಇರಲಿಲ್ಲ. ಇಂದು ಅಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಿಮ್ಮ ಹುಡುಗನಿಗೆ ಊಟ ಹಾಕುತ್ತಿರುವವರಲ್ಲಿ ಆ ತಡೆಗೆ ಒಳಗಾಗಿದ್ದವರ ಮೊಮ್ಮಕ್ಕಳೂ ಇರಬಹುದು.

ಕಳಿಸುವುದು ಸರಿಯೇ ಎಂದು ಕೇಳಿದ್ದೀರಿ. ಹೀಗೆ ಹೊರಡುವ ಹುಡುಗರ ಕನಿಷ್ಠ ವಯಸ್ಸು ಮೊದಲು ಹತ್ತೊಂಬತ್ತಿತ್ತು, 2012ರಲ್ಲಿ ಹದಿನೆಂಟಕ್ಕೆ ಇಳಿಸಿದರು. ನನ್ನನ್ನು ಕೇಳಿದರೆ ಆ ಒಂದು ವರ್ಷವನ್ನು ಅವರಿಗೆ ಉಳಿಸಬೇಕಿತ್ತು. ಸಂಬಳವಿಲ್ಲ. ಅಮೆರಿಕದ ಕುಟುಂಬಗಳು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕಟ್ಟುವ ಕ್ರಮ ಬಂತು. ಮಗ ಎಲ್ಲಿಗೇ ಹೋಗಲಿ, ಮೊತ್ತ ಒಂದೇ. ಹಲವು ಮನೆಗಳಲ್ಲಿ ಮಗು ಚಿಕ್ಕದಿರುವಾಗಲೇ ಇದಕ್ಕೆಂದು ಹುಂಡಿ ಇಡುತ್ತಾರೆ. ಮನಸ್ಸಿನಿಂದ ಹೋದವನಿಗೆ ಈ ಎರಡು ವರ್ಷ ಒಂದು ಭಾಷೆಯನ್ನೂ ಅಪಾರ ತಾಳ್ಮೆಯನ್ನೂ ಕೊಡುತ್ತದೆ. ಊರಿನ ಒತ್ತಾಯಕ್ಕೆ ಹೋದವನಿಗೆ ಕಷ್ಟ. ಕಾಯಿಲೆಯಿಂದಲೋ ಖಿನ್ನತೆಯಿಂದಲೋ ನಡುವೆಯೇ ಮರಳುವ ಹುಡುಗರು ಸ್ವಂತ ಊರಿನಲ್ಲೇ ತಲೆಯೆತ್ತಲು ಹಿಂಜರಿಯುತ್ತಾರೆ. ನಿಮ್ಮ ಹುಡುಗ ಅಕಸ್ಮಾತ್ ಬೇಗ ಬಂದರೆ, ಯಾಕೆಂದು ಕೇಳದೆ ಬಾಗಿಲು ತೆರೆಯುವ ಮೊದಲ ಮನೆ ನಿಮ್ಮದಾಗಲಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಮಾತು. 2018ರಿಂದ ಅವರು ತಮ್ಮನ್ನು ‘ಮಾರ್ಮನ್’ ಎನ್ನದೆ ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ಣ ಹೆಸರಿನಿಂದಲೇ ಕರೆಯಿರಿ ಎಂದು ಕೋರುತ್ತಿದ್ದಾರೆ. ನಾನು ಇಲ್ಲಿ ಓದುಗರಿಗೆ ಪರಿಚಿತವಾದ ಹೆಸರು ಬಳಸಿದ್ದೇನೆ. ನೀವು ನೆರೆಯವರೊಡನೆ ಮಾತಾಡುವಾಗ ಅವರ ಇಷ್ಟದ ಹೆಸರೇ ಇರಲಿ.

ಇನ್ನು ಚಕ್ಕುಲಿ. ಕಡಲಾಚೆ ಕಳಿಸಿದರೆ ಸುಂಕದ ಕಟ್ಟೆ ದಾಟುವ ಹೊತ್ತಿಗೆ ಪುಡಿಯಾಗುತ್ತದೆ. ಹುಡುಗನಿಗೆ ಒಂದು ಪತ್ರ ಸಾಕು, ವಿಳಾಸ ತಾಯಿಯ ಬಳಿ ಇರುತ್ತದೆ. ಅವನ ಮುದ್ದಿನ ಹೆಸರಿನಿಂದಲೇ ಶುರುಮಾಡಿ. ಚಕ್ಕುಲಿಯನ್ನು ಸೋಮವಾರ ಕರಿಯಿರಿ. ಅವನ ಕರೆ ಮುಗಿದು, ಆಕೆ ಫೋನನ್ನು ಕೈಯಲ್ಲೇ ಹಿಡಿದು ಕುಳಿತಿರುವ ಹೊತ್ತಿಗೆ ಡಬ್ಬಿ ತೆಗೆದುಕೊಂಡು ಹೋಗಿ. ಟೀ ಮಾತ್ರ ಒಯ್ಯಬೇಡಿ.