ಸೆಲ್ಲಾರ್‌ನಲ್ಲಿ ತೋಟಾ ತುಂಬುವ ಕೋಣೆ ಮಾಡಬಹುದೇ?

ಪ್ರಶ್ನೆ: ಮಾನ್ಯರೆ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಇಳಿಜಾರಿನ ನಿವೇಶನವಾದ್ದರಿಂದ ಕೆಳಗೆ 14 ಮೀಟರ್ ಉದ್ದದ ಸೆಲ್ಲಾರ್ ಸಿಕ್ಕಿದೆ. ತಂದೆಯವರಿಂದ ಬಂದ 12 ಬೋರಿನ ಜೋಡುನಳಿಗೆ ಕೋವಿ, ಪರವಾನಗಿ ಸಹಿತ, ನನ್ನಲ್ಲಿದೆ. ಮಗಳು ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಅಮೆರಿಕದ ಒಹಾಯೊದಲ್ಲಿರುವ ನನ್ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿಯೇ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಾನೆ. ಮುಂದಿನ ಸಲ ಬರುವಾಗ, ಹಾಗೆ ತುಂಬಲು ಬಳಸುವ ಯಂತ್ರ, ಅಂದರೆ ಒಂದು ಪ್ರೆಸ್ ತಂದುಕೊಡುವುದಾಗಿ ಹೇಳುತ್ತಿದ್ದಾನೆ. ಅಂಥ ಕೋಣೆಯನ್ನು ಇಲ್ಲಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಪ್ರೆಸ್ ತರುವುದು ಬೇಡವೆಂದು ತಮ್ಮನವರಿಗೆ ಇಂದೇ ತಿಳಿಸಿಬಿಡಿ. ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಕೇಪುಗಳನ್ನು ತರದೆ ಬರಿಯ ಕಬ್ಬಿಣದ ಯಂತ್ರವನ್ನು ತಂದರೆ ಏನು ತಪ್ಪು ಎಂದು ಹಲವರು ಕೇಳುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಮದ್ದುಗುಂಡು ಎಂದರೇನೆಂದು ವಿವರಿಸುವಾಗ ಅದರ ಬಿಡಿಭಾಗಗಳನ್ನು ಮಾತ್ರವಲ್ಲದೆ, ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿಕೊಂಡಿದೆ. ಹಾಗಾಗಿ ಆ ಪ್ರೆಸ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನಿಂದ ಹೊರಬಂದರೆ, ಅದು ಪರವಾನಗಿಯಿಲ್ಲದೆ ಮದ್ದುಗುಂಡನ್ನು ಆಮದು ಮಾಡಿಕೊಂಡ ಪ್ರಕರಣವಾಗುತ್ತದೆ. ನಿಮ್ಮ ಕೋವಿಯ ಪರವಾನಗಿ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಕೋವಿಯನ್ನೂ ಅದರಲ್ಲಿ ನಮೂದಿಸಿದಷ್ಟು ತೋಟಾಗಳನ್ನೂ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ತಯಾರಿಕೆಗೆ ಕೊಟ್ಟದ್ದಲ್ಲ. ತಯಾರಿಕೆಗೆ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ವಿಧಿಸಬಹುದು. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂಬ ಮಾತೂ ಆಗಾಗ ಬರುತ್ತದೆ. ಆ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಕೆಗಲ್ಲ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಬೇಕಾಗಿಲ್ಲ. ಸಾಮಗ್ರಿಯೂ ಅಂಗಡಿಗಳಲ್ಲಿ ಸಿಗುತ್ತದೆ. ದೂರದ ಗುರಿಗೆ ತಮ್ಮ ರೈಫಲ್‌ಗೆ ಒಗ್ಗುವಂತೆ ಮದ್ದಿನ ಪ್ರಮಾಣವನ್ನು ಹೊಂದಿಸಿಕೊಳ್ಳುವವರಿಗೆ ಅದರಿಂದ ನಿಜವಾದ ಲಾಭವಿದೆ. ವರ್ಷಕ್ಕೆ ಕೆಲವೇ ಈಡು ಹಾರಿಸುವ ಚರೆಕೋವಿಗೆ ಆ ಶ್ರಮ ದಂಡ. ತುಂಬುವಾಗ ಮದ್ದು ಬೀಳದೆ ಹೋದ ಒಂದು ತೋಟಾದ ಬಿರಡೆ (ಮದ್ದಿಗೂ ಚರೆಗೂ ನಡುವಿನ ಅಡ್ಡೆ) ನಳಿಗೆಯ ನಡುವೆ ಸಿಕ್ಕಿಕೊಂಡು, ಅದನ್ನು ಗಮನಿಸದೆ ಮುಂದಿನ ಈಡು ಹೊಡೆದರೆ ಹಳೆಯ ನಳಿಗೆ ಸೀಳಿಹೋಗುತ್ತದೆ. ಆಗ ಅದರ ಕೆಳಗೆ ಇರುವುದು ಹೊಡೆಯುವವರ ಎಡಗೈ.

ಆದರೆ 14 ಮೀಟರ್ ಸೆಲ್ಲಾರ್ ಇರುವವರು ಬೇಸರಪಡಬೇಕಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ವ್ಯಾಸ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ಮಗಳಿಗೆ ಅಂತರರಾಷ್ಟ್ರೀಯ ಅಳತೆಯ ರೇಂಜನ್ನೇ ಕೊಡಬಹುದು: ನಿಲ್ಲುವ ಗೆರೆಯಿಂದ ಗುರಿಹಲಗೆಗೆ 10 ಮೀಟರ್, ನೆಲದಿಂದ ಗುರಿಯ ನಡುಬಿಂದುವಿಗೆ 1.4 ಮೀಟರ್, ಗುರಿಯ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು. ಗುರಿಯ ಹಿಂದೆ ಗುಂಡು ಹಿಡಿಯುವ ಉಕ್ಕಿನ ಪೆಟ್ಟಿಗೆಯ ತಗಡು ಕೆಳಮುಖವಾಗಿ ಓರೆಯಾಗಿರಬೇಕು. ನೆಟ್ಟಗಿದ್ದರೆ ಸೀಸದ ಚೂರುಗಳು ಹಿಂದಕ್ಕೆ ಸಿಡಿಯುತ್ತವೆ.

ಇನ್ನು ನಿಮ್ಮ ಪತ್ರದಲ್ಲಿ ಪ್ರಸ್ತಾಪವೇ ಇಲ್ಲದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ ತೇವ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆಯ ಸೆಲ್ಲಾರ್‌ಗಳಲ್ಲಿ ನೀರು ತುಂಬಿದ್ದನ್ನು ನೋಡಿದ್ದೇವೆ. ನಿಮ್ಮದು ಇಳಿಜಾರಿನ ಜಾಗವಾದ್ದರಿಂದ ನೀರು ತುಂಬಿ ನಿಲ್ಲದಿರಬಹುದು, ಆದರೆ ಮಣ್ಣಿಗೆ ತಾಗಿದ ಗೋಡೆ ಜಿನುಗದೆ ಬಿಡುವುದಿಲ್ಲ. ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ ಎಂದರ್ಥ, ಅದಕ್ಕೆ ಗೋಡೆಯ ಹೊರಮೈಗೆ ವಾಟರ್‌ಪ್ರೂಫಿಂಗ್ ಆಗಬೇಕು. ಹೊರಮೈಯಲ್ಲಿ ಹನಿಗಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಗಾಳಿಯಾಡುವ ವ್ಯವಸ್ಥೆ ಮಾಡಿದರೆ ಸಾಕಾಗುತ್ತದೆ. ಎಂಜಿನಿಯರ್ ಏನೇ ಭರವಸೆ ಕೊಟ್ಟರೂ ಒಂದು ಮಳೆಗಾಲ ಕಳೆಯುವವರೆಗೆ ಅಲ್ಲಿ ಬೆಲೆಬಾಳುವ ಏನನ್ನೂ ಇಡಬೇಡಿ.

ಇದೇ ಕಾರಣಕ್ಕೆ ಜೋಡುನಳಿಗೆಯನ್ನು ಸೆಲ್ಲಾರ್‌ಗೆ ಇಳಿಸಲೇಬೇಡಿ. ಮೇಲಿನ ಮಹಡಿಯ ಒಳಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಲಾಕರಿನಲ್ಲಿ ಕೋವಿಯನ್ನು ಖಾಲಿಯಾಗಿಡಿ, ತೋಟಾಗಳನ್ನು ಬೇರೆ ಬೀಗದಲ್ಲಿಡಿ. ತಂದೆಯವರ ಕಾಲದ ಚರ್ಮದ ಚೀಲ ಎಷ್ಟೇ ಪ್ರೀತಿಯದಾದರೂ ಕೋವಿಯನ್ನು ಅದರೊಳಗೆ ಇಡುವುದು ಸಲ್ಲದು, ಚರ್ಮ ತೇವವನ್ನು ಹೀರಿಕೊಂಡು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಹಳೆಯ ಕಾಗದದ ತೋಟಾಗಳು ಉಳಿದಿದ್ದರೆ ಅವುಗಳ ಬುಡ ನೋಡಿ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ಕಾಗದ ಉಬ್ಬಿ ತೋಟಾ ನಳಿಗೆಯೊಳಗೆ ಪೂರ್ತಿ ಇಳಿಯದಿದ್ದರೆ, ಅದನ್ನು ಒತ್ತಿ ಕೂರಿಸುವ ಸಾಹಸ ಮಾಡದೆ ಪರವಾನಗಿಯುಳ್ಳ ವ್ಯಾಪಾರಿಯನ್ನೋ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸಿ.

ಏರ್ ರೈಫಲ್‌ನ ಗುಂಡು ಸೀಸದ್ದು. ಪೆಟ್ಟಿಗೆಯ ಸುತ್ತ ಬೀಳುವ ಬೂದುಬಣ್ಣದ ಪುಡಿಯನ್ನು ಪೊರಕೆಯಿಂದ ಗುಡಿಸಿದರೆ ಅದು ಗಾಳಿಗೇರುತ್ತದೆ, ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಕೂಡ ನುಣುಪಾದ ಧೂಳನ್ನು ಮತ್ತೆ ಕೋಣೆಗೇ ಉಗುಳುತ್ತದೆ. ಒದ್ದೆ ಬಟ್ಟೆಯಲ್ಲೇ ಒರೆಸಿ, ಆ ಬಟ್ಟೆಯನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಅಭ್ಯಾಸದ ನಡುವೆ ತಿಂಡಿ, ಕಾಫಿ ಕೆಳಗೆ ಬರಬಾರದು. ಮಗಳು ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಲಿ. ಎಕ್ಸಾಸ್ಟ್ ಫ್ಯಾನ್ ಗುರಿಯ ಕಡೆಯ ಗೋಡೆಯಲ್ಲಿದ್ದು, ಗಾಳಿ ಶೂಟರ್‌ನ ಬೆನ್ನಿನಿಂದ ಮುಂದಕ್ಕೆ ಹೋಗುವಂತಿರಬೇಕು. ಸೆಲ್ಲಾರ್‌ನ ಬಾಗಿಲೂ ನಿಲ್ಲುವ ಗೆರೆಯ ಹಿಂದೆಯೇ ಬರಬೇಕು. ಈಗಿನ ನಕ್ಷೆಯಲ್ಲಿ ಅದು ಪಕ್ಕದ ಗೋಡೆಯಲ್ಲಿದ್ದರೆ ಪ್ಲಾಸ್ಟರಿಂಗ್ ಶುರುವಾಗುವ ಮೊದಲೇ ಮೇಸ್ತ್ರಿಗೆ ಹೇಳಿ ಬದಲಾಯಿಸಿಕೊಳ್ಳಿ.