ಕಣ್ಣೀರು ರಾಗದ್ದೋ, ನೆನಪಿನದೋ?

ಪ್ರಶ್ನೆ: ತೀರಿಕೊಂಡ ನನ್ನ ತಂದೆಯವರು ಬೆಳಗಿನ ಹೊತ್ತು ರೇಡಿಯೊ ಹಚ್ಚಿಟ್ಟು, ಕನ್ನಡಕ ಒರೆಸುತ್ತ ಶಾಸ್ತ್ರೀಯ ಸಂಗೀತ ಕೇಳುತ್ತಿದ್ದರು. ಈಗ ಎಲ್ಲಿಯಾದರೂ ಕಲ್ಯಾಣಿ ರಾಗದ ಆಲಾಪನೆ (ತಾಳ, ಸಾಹಿತ್ಯಗಳಿಲ್ಲದ ರಾಗವಿಸ್ತಾರ) ಕಿವಿಗೆ ಬಿದ್ದರೆ ನನಗೆ ಕಣ್ಣು ತುಂಬಿ ಬರುತ್ತದೆ. ಅದು ಮಂಗಳಕರ ರಾಗ, ಅಳುವುದೇಕೆ ಎಂದು ತಿಳಿದವರು ಕೇಳುತ್ತಾರೆ. ನಾನು ಕೇಳುತ್ತಿರುವುದು ಸಂಗೀತವನ್ನೋ, ಬರೀ ನೆನಪನ್ನೋ?

ಉತ್ತರ: ಎರಡನ್ನೂ ಕೇಳುತ್ತಿದ್ದೀರಿ, ಅವು ಬರುವ ದಾರಿಗಳು ಮಾತ್ರ ಬೇರೆ. ಗಾಯಕರು ತಾರಷಡ್ಜದ, ಅಂದರೆ ಮೇಲಿನ ‘ಸ’ ಸ್ವರದ, ಹೊಸ್ತಿಲಿಗೆ ಬಂದು ಅದರ ಕೆಳಗಿನ ‘ನಿ’ ಆದ ಕಾಕಲಿ ನಿಷಾದದ ಮೇಲೆ ನಿಂತುಬಿಡುವ ಗಳಿಗೆಯನ್ನು ಗಮನಿಸಿ. ತಂಬೂರಿಯಲ್ಲಿ ಷಡ್ಜ ಎಡೆಬಿಡದೆ ಮೊಳಗುತ್ತಿರುವಾಗ, ಅದರ ತೀರ ಸಮೀಪದಲ್ಲಿರುವ ನಿಷಾದವು ಅದರೊಡನೆ ತಿಕ್ಕಾಡುತ್ತ ಮೇಲೇರಲು ಹಾತೊರೆಯುತ್ತದೆ. ಸ್ವರಗಳ ಹೆಸರು ತಿಳಿಯದವರ ಕಿವಿಗೂ ಮುಂದೇನು ಬರಬೇಕೆಂಬುದು ಗೊತ್ತಾಗುತ್ತದೆ. ಗಾಯಕರು ಒಮ್ಮೆ ಇನ್ನೂ ಕೆಳಗಿನ ಧೈವತಕ್ಕೆ (‘ದ’) ಜಾರಿ, ಮತ್ತೆ ಬಂದು, ಇನ್ನಷ್ಟು ಕಾಯಿಸಿ, ಕೊನೆಗೆ ಷಡ್ಜ ಮುಟ್ಟಿದಾಗ ಸಭೆ ‘ಆಹಾ’ ಎನ್ನುತ್ತದೆ. ಮಾಂಟ್ರಿಯಲ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಗೀತಕ್ಕೆ ಮೈನವಿರೇಳುವ ಕ್ಷಣದಲ್ಲಿ ಮಾತ್ರವಲ್ಲದೆ ಅದಕ್ಕಾಗಿ ಕಾಯುವಾಗಲೂ ಮಿದುಳಿನ ಬೇರೊಂದು ಭಾಗದಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ರಾಸಾಯನಿಕವಾದ ಡೋಪಮೈನ್ ಬಿಡುಗಡೆಯಾಗುವುದು ಕಂಡುಬಂದಿತ್ತು. ಇಂಥ ಕಣ್ಣೀರಿಗೆ ದುಃಖದ ಕಾರಣ ಬೇಕಾಗಿಲ್ಲ.

ನೆನಪಿನ ವಿಷಯ ಇನ್ನೂ ಹಳೆಯದು. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ, ಶಕುಂತಲೆಯನ್ನು ಮರೆತ ದುಷ್ಯಂತನು ಹಂಸಪದಿಕೆಯ ಹಾಡು ಕೇಳಿ, ಅಗಲಿದವರು ಯಾರೂ ಇಲ್ಲದಿದ್ದರೂ ಮನಸ್ಸೇಕೆ ಭಾರವಾಯಿತೆಂದು ಬೆರಗಾಗುತ್ತಾನೆ. ಜನ್ಮಾಂತರದ ಸ್ನೇಹಗಳ ನೆನಪಿರಬಹುದೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ತಾವು ಅಷ್ಟು ದೂರ ಹೋಗಬೇಕಿಲ್ಲ, ತಂದೆಯವರ ರೇಡಿಯೊದವರೆಗೆ ಹೋದರೆ ಸಾಕು.

ತಮ್ಮ ಸಂಶಯಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಕಾವ್ಯಮೀಮಾಂಸಕ ಅಭಿನವಗುಪ್ತನು ರಸಾನುಭವದ, ಅಂದರೆ ಕಲೆಯ ಆಸ್ವಾದದ, ವಿಘ್ನಗಳನ್ನು ಎಣಿಸುವಾಗ, ಸಹೃದಯನು (ರಸಿಕನು) ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಆದರೆ ಎಷ್ಟೋ ಕೇಳುಗರು ಸಂಗೀತದೊಳಕ್ಕೆ ಬಂದದ್ದೇ ಇಂಥ ನೆನಪಿನ ಬಾಗಿಲಿನಿಂದ. ಹಾಗಾಗಿ ಅದನ್ನು ದೋಷವೆನ್ನಲು ನನಗೆ ಮನಸ್ಸಾಗದು. ಆಲಾಪನೆ ಹತ್ತು ನಿಮಿಷ ಮುಂದುವರಿದ ಮೇಲೂ ಕನ್ನಡಕವೊಂದೇ ಕಾಣುತ್ತಿದೆಯೋ, ಅಥವಾ ಗಾಯಕರು ಗಾಂಧಾರದ (‘ಗ’) ಮೇಲೆ ಮಾಡಿದ ಹೊಸ ಸ್ವರಸಂಚಾರವೂ ಕಿವಿಗೆ ಬಿತ್ತೋ ಎಂಬುದನ್ನು ಮುಂದಿನ ಬಾರಿ ನೋಡಿಕೊಳ್ಳಿ.

ಪ್ರಶ್ನೆ: ಮುಖಾರಿ ಶೋಕದ ರಾಗವೆನ್ನುತ್ತಾರೆ. ರಾಗಕ್ಕೂ ಭಾವಕ್ಕೂ ಅಷ್ಟು ಬಿಗಿಯಾದ ನಂಟು ಇದೆಯೇ?

ಉತ್ತರ: ಅಷ್ಟು ಬಿಗಿಯಾದ ನಂಟಿಲ್ಲ. ತ್ಯಾಗರಾಜರು ಮುಖಾರಿಯಲ್ಲೇ ರಚಿಸಿದ ‘ಎಂತನಿನೇ’ ಕೃತಿಯು ಶಬರಿಯ ಭಾಗ್ಯವನ್ನು ಹೇಗೆ ಬಣ್ಣಿಸಲೆಂದು ಹಿಗ್ಗುತ್ತದೆ. ಹಾಗೆಂದು ಭಾವವೆಲ್ಲ ಕೇಳುಗರ ಕಲ್ಪನೆಯೆಂದೂ ಹೇಳಲಾಗದು. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಿಂದೂಸ್ತಾನಿ ಸಂಗೀತದ ಪರಿಚಯವಿಲ್ಲದ ಪಾಶ್ಚಾತ್ಯ ಕೇಳುಗರು ರಾಗಗಳಲ್ಲಿ ಉದ್ದೇಶಿಸಿದ್ದ ಸಂತೋಷ, ದುಃಖ, ಕೋಪಗಳನ್ನು ಗುರುತಿಸಿದ್ದರು. ಲಯದ ವೇಗ ಅವರಿಗೆ ಮುಖ್ಯ ಸುಳಿವಾಗಿತ್ತು. ಒಂದೇ ಮುಖಾರಿಯನ್ನು ನಿಧಾನದ ವಿಳಂಬದಲ್ಲೊಮ್ಮೆ, ತುಸು ವೇಗದ ಮಧ್ಯಮ ಕಾಲದಲ್ಲೊಮ್ಮೆ ಹಾಡಿಸಿ ಕೇಳಿದರೆ ವ್ಯತ್ಯಾಸ ತಮಗೇ ತಿಳಿಯುತ್ತದೆ.