ಅರಸುಮಕ್ಕಳ ಒಲವು, ಅರಸೊತ್ತಿಗೆಯ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನ ದೊರೆ ಎಂಟನೆಯ ಎಡ್ವರ್ಡ್ ಮದುವೆಗಾಗಿ ಸಿಂಹಾಸನ ಬಿಟ್ಟ ವಿಚಾರವಾಗಿ ಕಳೆದ ಸಂಚಿಕೆಯಲ್ಲಿ ಒಂದು ಕಿರುಬರಹ ಪ್ರಕಟವಾಗಿತ್ತು. ಅದನ್ನು ಓದಿ ಕಾಸರಗೋಡು ಜಿಲ್ಲೆಯ ಹಲವರು ಪತ್ರ ಬರೆದಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳನ್ನು ಆರಿಸಿ ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಲಿದವಳಿಗಾಗಿ ಸಾಮ್ರಾಜ್ಯವನ್ನೇ ತೊರೆದವನೆಂದು ಎಡ್ವರ್ಡ್ ದೊರೆಯನ್ನು ಕೊಂಡಾಡುವವರಿದ್ದಾರೆ, ಹೊಣೆಯಿಂದ ನುಣುಚಿಕೊಂಡವನೆಂದು ಹಳಿಯುವವರೂ ಇದ್ದಾರೆ. ತಾವು ಯಾವ ಕಡೆ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ತೀರ್ಪಿಗೆ ಮೊದಲು ನಡೆದ ಸಂಗತಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. 1936ರ ಜನವರಿ 20ರಂದು ತಂದೆ ಐದನೆಯ ಜಾರ್ಜ್ ತೀರಿಕೊಂಡಾಗ ಎಡ್ವರ್ಡ್ ಪಟ್ಟಕ್ಕೆ ಬಂದರು. ಆಗ ಅವರಿಗೆ 41 ವರ್ಷ. ಲೋಕ ತಿಳಿಯದ ಎಳೆಯ ವಯಸ್ಸೇನೂ ಅಲ್ಲ. ಅವರು ಮದುವೆಯಾಗಬಯಸಿದ ವಾಲಿಸ್ ಸಿಂಪ್ಸನ್ ಅಮೆರಿಕದವರು. ಅವರು ಮೊದಲ ಪತಿಯಿಂದ ಬೇರೆಯಾಗಿದ್ದರು. ಎರಡನೆಯ ಪತಿಯಿಂದ ವಿಚ್ಛೇದನದ ಮಧ್ಯಂತರ ತೀರ್ಪು ಆ ವರ್ಷದ ಅಕ್ಟೋಬರ್ 27ರಂದು ದೊರೆಯಿತು. ಇಂಗ್ಲೆಂಡಿನ ದೊರೆ ಅಲ್ಲಿನ ಚರ್ಚಿನ ಅಧಿಪತಿಯೂ ಹೌದು, ಆ ಚರ್ಚಾದರೋ ವಿಚ್ಛೇದಿತರ ಹಿಂದಿನ ಸಂಗಾತಿ ಬದುಕಿರುವಾಗ ಮರುಮದುವೆಯನ್ನು ಆಗ ಒಪ್ಪುತ್ತಿರಲಿಲ್ಲ. ವಾಲಿಸ್ ರಾಣಿಯ ಪದವಿ ಪಡೆಯದೆ ಕೇವಲ ಪತ್ನಿಯಾಗಿರಲಿ ಎಂಬ ನಡುದಾರಿಯನ್ನು ದೊರೆ ಸೂಚಿಸಿದರೂ ಪ್ರಧಾನಿ ಸ್ಟಾನ್ಲಿ ಬಾಲ್ಡ್‌ವಿನ್ ಅವರ ಸಂಪುಟ ಒಪ್ಪಲಿಲ್ಲ. ಡಿಸೆಂಬರ್ 10ರಂದು ಎಡ್ವರ್ಡ್ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದರು, ಮರುದಿನ ರೇಡಿಯೋದಲ್ಲಿ ಜನರಿಗೆ ವಿದಾಯ ಹೇಳಿದರು, 1937ರ ಜೂನ್ 3ರಂದು ಫ್ರಾನ್ಸಿನಲ್ಲಿ ಮದುವೆಯಾದರು.

ಮಂತ್ರಿಗಳ ಸಲಹೆಯನ್ನು ಮೀರಿ ಅವರು ಹಟ ಹಿಡಿದಿದ್ದರೆ ಸರಕಾರ ರಾಜೀನಾಮೆ ಕೊಡುತ್ತಿತ್ತು, ದೊರೆಯ ಮದುವೆಯೇ ಚುನಾವಣೆಯ ವಿಷಯವಾಗುತ್ತಿತ್ತು, ದೇಶ ಎರಡು ಪಾಲಾಗುತ್ತಿತ್ತು. ಅಷ್ಟು ದೂರ ಹೋಗದೆ ಅವರು ತಾವೇ ಬದಿಗೆ ಸರಿದರು ಎಂಬುದನ್ನು ಹಳಿಯುವವರು ಮರೆಯಬಾರದು. ಕೊಂಡಾಡುವವರು ಮರೆಯುವ ಮಾತು ಇನ್ನೊಂದಿದೆ. ಅವರು ಇಳಿಸಿದ ಭಾರ ನೆಲಕ್ಕೆ ಬೀಳಲಿಲ್ಲ, ತಮ್ಮನ ಹೆಗಲಿಗೆ ಬಿತ್ತು. ದೊರೆತನಕ್ಕೆ ತರಬೇತಿಯೇ ಇಲ್ಲದಿದ್ದ, ಮಾತಿನಲ್ಲಿ ತೊದಲುತ್ತಿದ್ದ ಆ ತಮ್ಮ, ಮುಂದೆ ಆರನೆಯ ಜಾರ್ಜ್ ಆದವರು, ಸುದ್ದಿಯನ್ನು ತಾಯಿಗೆ ತಿಳಿಸುವಾಗ ತಾವು ಮಗುವಿನಂತೆ ಅತ್ತುದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಎಡ್ವರ್ಡರಾದರೋ ಪದವಿ ಬಿಟ್ಟ ಮರುವರ್ಷವೇ, ತಮ್ಮ ಸರಕಾರಕ್ಕೆ ಇರುಸುಮುರುಸಾಗುವಂತೆ, ಜರ್ಮನಿಗೆ ಹೋಗಿ ಹಿಟ್ಲರನನ್ನು ಕಂಡು ಬಂದರು. ಅವರ ಒಲವಿನಲ್ಲಿ ನನಗೆ ದೋಷ ಕಾಣುವುದಿಲ್ಲ. 1972ರಲ್ಲಿ ಕಣ್ಣುಮುಚ್ಚುವವರೆಗೂ ಅವರು ವಾಲಿಸ್ ಅವರ ಜೊತೆಗೇ ಬಾಳಿದರು. ಆದರೆ ಸಿಂಹಾಸನದಿಂದ ಇಳಿದವನಿಗೂ ತನ್ನ ದೇಶದ ವಿಷಯದಲ್ಲಿ ಒಂದು ಹೊಣೆ ಉಳಿದಿರುತ್ತದೆ, ಅದನ್ನು ಅವರು ಗಂಭೀರವಾಗಿ ಎಣಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಎರಡನ್ನೂ ಉಳಿಸಿಕೊಂಡವರು ಯಾರೂ ಇಲ್ಲವೇ? ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕೇ?
(ನಿವೃತ್ತ ಅಧ್ಯಾಪಕರು, ಪೆರ್ಲ)

ಉತ್ತರ: ಈ ಪ್ರಶ್ನೆಗಾಗಿ ತಮಗೆ ಕೃತಜ್ಞ. ಎಡ್ವರ್ಡರ ಕಥೆ ಎಲ್ಲರ ಬಾಯಲ್ಲಿದೆ. ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಸೆರೆಟ್ಸೆ ಖಾಮಾ ಅವರ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಇಂದಿನ ಬೋಟ್ಸ್ವಾನಾ ಆಗ ಬೆಚುವಾನಾಲ್ಯಾಂಡ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಶ್ರಿತ ಪ್ರದೇಶವಾಗಿತ್ತು. ಅಲ್ಲಿನ ಬಾಮಂಗ್ವಾಟೋ ಜನರ ಅರಸುಪೀಠಕ್ಕೆ ಸೆರೆಟ್ಸೆ ನಾಲ್ಕು ವರ್ಷದ ಮಗುವಾಗಿದ್ದಾಗಲೇ ಹಕ್ಕುದಾರರಾದರು. ಚಿಕ್ಕಪ್ಪ ಶೆಕೆಡಿ ಅವರ ಪರವಾಗಿ ಆಡಳಿತ ನಡೆಸಿದರು. ಕಾನೂನು ಓದಲು ಇಂಗ್ಲೆಂಡಿಗೆ ಹೋದ ಸೆರೆಟ್ಸೆಯವರಿಗೆ 1947ರಲ್ಲಿ ಲಂಡನ್ನಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ರೂತ್ ವಿಲಿಯಮ್ಸ್ ಎಂಬ ಬಿಳಿಯ ಯುವತಿಯ ಪರಿಚಯವಾಯಿತು. 1948ರ ಸೆಪ್ಟೆಂಬರ್ 29ರಂದು ಅವರು ರಿಜಿಸ್ಟರ್ ಮದುವೆಯಾದರು. ಚಿಕ್ಕಪ್ಪ ಕೆರಳಿದರು. ಅರಸನ ಹೆಂಡತಿ ಇಡೀ ಕುಲದ ತಾಯಿ, ಅವಳನ್ನು ಕುಲವೇ ಆರಿಸಬೇಕು ಎಂಬುದು ಅವರ ನಿಲುವು. ಅದನ್ನು ಹಗುರವಾದ ಮಾತೆಂದು ತಳ್ಳಿಹಾಕುವಂತಿಲ್ಲ.

ಮುಂದೆ ನಡೆದುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಜನರಲ್ಲಿ ಊರ ಗಂಡಸರೆಲ್ಲ ಬಯಲಿನಲ್ಲಿ ಕುಳಿತು ಮಾತಾಡಿ ತೀರ್ಮಾನಿಸುವ ಸಭೆಯ ಪದ್ಧತಿ ಇತ್ತು. ಸೆರೆಟ್ಸೆ ಒಬ್ಬರೇ ಊರಿಗೆ ಮರಳಿ ಸೆರೋವೆಯಲ್ಲಿ ಆ ಸಭೆಯ ಎದುರು ನಿಂತರು. ಮೊದಲ ಎರಡು ಸಭೆಗಳಲ್ಲಿ ಹಿರಿಯರ ಮಾತು ಅವರಿಗೆ ವಿರುದ್ಧವಾಗಿಯೇ ಇತ್ತು. 1949ರ ಜೂನ್ ತಿಂಗಳಲ್ಲಿ ಮೂರನೆಯ ಸಭೆ ಸೇರಿದಾಗ, ತಮ್ಮ ಹೆಂಡತಿಯನ್ನು ಒಪ್ಪದವರು ಎದ್ದು ನಿಲ್ಲಲಿ ಎಂದು ಅವರು ನೇರವಾಗಿ ಕೇಳಿದರು. ಎದ್ದವರು ಕೆಲವೇ ಮಂದಿ. ಒಪ್ಪುವವರು ಏಳಲಿ ಎಂದಾಗ ಸಾವಿರಾರು ಜನ ಎದ್ದು ನಿಂತರು. ಯಾವ ಜನರಿಗೆ ಅವರು ಹೊಣೆಯಾಗಿದ್ದರೋ ಆ ಜನರೇ ಅವರನ್ನೂ ಅವರು ಕೈಹಿಡಿದವರನ್ನೂ ಒಟ್ಟಿಗೆ ಸ್ವೀಕರಿಸಿದರು.

ಒಪ್ಪದೆ ಹೋದದ್ದು ಹೊರಗಿನವರು. ನೆರೆಯ ದಕ್ಷಿಣ ಆಫ್ರಿಕಾ ಅದೇ 1949ರಲ್ಲಿ ಬಿಳಿಯರೊಂದಿಗೆ ಇತರರ ಮದುವೆಯನ್ನು ನಿಷೇಧಿಸಿ ಕಾನೂನು ಮಾಡಿತ್ತು; ಗಡಿಯಾಚೆ ಕರಿಯ ಅರಸನೂ ಬಿಳಿಯ ರಾಣಿಯೂ ಆಳುವುದು ಅದಕ್ಕೆ ಸಹ್ಯವಾಗಲಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನ ಮತ್ತು ಯುರೇನಿಯಂ ಬ್ರಿಟನ್ನಿಗೆ ಬೇಕಾಗಿತ್ತು. ಮಾತುಕತೆಗೆಂದು ಲಂಡನ್ನಿಗೆ ಕರೆಸಿಕೊಂಡ ಬ್ರಿಟಿಷ್ ಸರಕಾರ ಸೆರೆಟ್ಸೆಯವರನ್ನು ತಮ್ಮ ನೆಲಕ್ಕೆ ಮರಳದಂತೆ ತಡೆಯಿತು. ಜನ ಮಾತ್ರ ಅವರ ಜಾಗಕ್ಕೆ ಬೇರೊಬ್ಬ ಅರಸನನ್ನು ಆರಿಸಲು ಒಪ್ಪಲಿಲ್ಲ. 1956ರಲ್ಲಿ ಅರಸುಪೀಠದ ಹಕ್ಕನ್ನು ಬಿಟ್ಟುಕೊಟ್ಟು, ಸಾಮಾನ್ಯ ಪ್ರಜೆಯಾಗಿ ಪತ್ನಿ ಮಕ್ಕಳೊಂದಿಗೆ ಅವರು ಊರು ಸೇರಿದರು. 1962ರಲ್ಲಿ ಪಕ್ಷ ಕಟ್ಟಿದರು. 1966ರ ಸೆಪ್ಟೆಂಬರ್ 30ರಂದು ದೇಶ ಸ್ವತಂತ್ರವಾದಾಗ ಅವರೇ ಮೊದಲ ರಾಷ್ಟ್ರಾಧ್ಯಕ್ಷರು. 1980ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ಪೀಠ ಹೋಯಿತು, ಹೊಣೆ ಹೋಗಲಿಲ್ಲ. ಎಡ್ವರ್ಡರಿಗೂ ಇವರಿಗೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲಿಯೇ.

ಕಾದು ಪಡೆದವರೂ ಇದ್ದಾರೆ. ಸ್ವೀಡನ್ನಿನ ರಾಜಕುಮಾರ ಬರ್ಟಿಲ್ 1943ರಲ್ಲಿ ಲಂಡನ್ನಿನಲ್ಲಿ ಲಿಲಿಯನ್ ಎಂಬವರನ್ನು ಮೆಚ್ಚಿದರು. ಸಾಮಾನ್ಯ ಮನೆತನದ ಹೆಣ್ಣನ್ನು ಮದುವೆಯಾದರೆ ಉತ್ತರಾಧಿಕಾರ ತಪ್ಪುವ ನಿಯಮ ಆಗ ಅಲ್ಲಿತ್ತು. ಅವರ ಸಹೋದರರಲ್ಲಿ ಇಬ್ಬರು ಹಾಗೆಯೇ ಹಕ್ಕು ಕಳೆದುಕೊಂಡಿದ್ದರು. 1947ರಲ್ಲಿ ಹಿರಿಯಣ್ಣ ವಿಮಾನಾಪಘಾತದಲ್ಲಿ ಸತ್ತಾಗ ಅವರ ಮಗನಿಗೆ ಒಂದು ವರ್ಷವೂ ತುಂಬಿರಲಿಲ್ಲ. ಆ ಮಗು ಪ್ರಾಪ್ತ ವಯಸ್ಸಿಗೆ ಬರುವ ಮೊದಲು ಸಿಂಹಾಸನ ತೆರವಾದರೆ ರಾಜ್ಯ ನೋಡಿಕೊಳ್ಳಲು ಬರ್ಟಿಲ್ ಬೇಕಿದ್ದರು. ಆದ್ದರಿಂದ ಅವರು ಮದುವೆಯಾಗದೆ ಉಳಿದರು, ಲಿಲಿಯನ್ ಅವರನ್ನು ಬಿಡದೆಯೂ ಉಳಿದರು. ಆ ಮಗು ಬೆಳೆದು 1973ರಲ್ಲಿ ದೊರೆಯಾಗಿ, ತಾನೂ ಸಾಮಾನ್ಯ ಮನೆತನದ ಹೆಣ್ಣನ್ನು ಮದುವೆಯಾಗಿ, ಚಿಕ್ಕಪ್ಪನಿಗೆ ಅನುಮತಿ ಕೊಟ್ಟಿತು. 1976ರ ಡಿಸೆಂಬರಿನಲ್ಲಿ ಮದುವೆ ನಡೆದಾಗ ವರನಿಗೆ 64, ವಧುವಿಗೆ 61. ಬರ್ಟಿಲರು ಹೊತ್ತ ಹೊಣೆಗೆ ಕಣ್ಣಿಗೆ ಕಾಣುವ ಒಂದು ಕಾರಣವಿತ್ತು, ಅದಕ್ಕೊಂದು ಕೊನೆಯೂ ಇತ್ತು. ಅಂಥ ಹೊಣೆಗಾಗಿ ಕಾಯುವುದನ್ನು ನಾನು ಗೌರವಿಸುತ್ತೇನೆ. ಲಿಲಿಯನ್ ಅವರ ತಾಳ್ಮೆಯನ್ನು ಇನ್ನೂ ಹೆಚ್ಚು ಗೌರವಿಸುತ್ತೇನೆ, ಏಕೆಂದರೆ ಆ ಸಿಂಹಾಸನದಿಂದ ಅವರಿಗೆ ಸಲ್ಲಬೇಕಾದದ್ದು ಏನೂ ಇರಲಿಲ್ಲ.

ಪ್ರಶ್ನೆ: ನಮ್ಮ ಕುಂಬಳೆ ಸೀಮೆಯ ಅರಸುಮನೆಗಳಲ್ಲಿ ಇಂಥ ಸಂಕಟ ಇರಲಿಲ್ಲವೇ?
(ಓದುಗರೊಬ್ಬರು, ಸೀತಾಂಗೋಳಿ)

ಉತ್ತರ: ಇಲ್ಲಿನ ಲೆಕ್ಕಾಚಾರವೇ ಬೇರೆ. ಮಾಯಿಪ್ಪಾಡಿ ಅರಮನೆಯ ಕುಂಬಳೆ ಅರಸರಲ್ಲಿ, ತೆಂಕಣ ನೀಲೇಶ್ವರದ ಅರಸರಲ್ಲಿ ಪಟ್ಟ ಸಾಗುತ್ತಿದ್ದುದು ತಾಯಿಯ ಬಳಿಯಿಂದ. ಅರಸನ ಮಗನಿಗೆ ಪಟ್ಟವಿಲ್ಲ, ಅಕ್ಕತಂಗಿಯರ ಮಗನಿಗೆ ಪಟ್ಟ. ಅಳಿಯಕಟ್ಟಿನ ಮನೆಗಳಲ್ಲಿ ಬೆಳೆದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಾಗಿ ಅರಸನು ಯಾರ ಕೈ ಹಿಡಿದರೂ ಸಿಂಹಾಸನ ಅಲುಗುತ್ತಿರಲಿಲ್ಲ; ಅರಸುಮನೆಯ ಹೆಣ್ಣುಮಗಳು ಯಾರನ್ನು ವರಿಸುತ್ತಾಳೆ ಎಂಬುದರ ಮೇಲೆ ಎಲ್ಲರ ಕಣ್ಣಿರುತ್ತಿತ್ತು, ಏಕೆಂದರೆ ಮುಂದಿನ ಅರಸ ಹುಟ್ಟಬೇಕಾದದ್ದು ಅವಳಲ್ಲಿ. ನೀಲೇಶ್ವರ ಅರಸುಮನೆತನದ ಮೂಲದ ಬಗ್ಗೆ ಇರುವ ಐತಿಹ್ಯವೇ ಇದಕ್ಕೆ ಸಾಕ್ಷಿ. ಕೋಳಿಕ್ಕೋಡಿನ ಸಾಮೂದಿರಿ ಮನೆತನದ ರಾಜಕುವರಿಯೊಬ್ಬಳು ಕೋಲತ್ತಿರಿ ಮನೆತನದ ರಾಜಕುಮಾರನಿಗೆ ಒಲಿದು ಅವನೊಡನೆ ಬಂದಳಂತೆ. ಅವಳ ಸಂತತಿಗಾಗಿ ನೀಲೇಶ್ವರದ ಸೀಮೆಯನ್ನು ಬಿಟ್ಟುಕೊಟ್ಟರಂತೆ. ತಂದೆಯ ಮನೆಯ ಪಟ್ಟ ಆ ಮಕ್ಕಳಿಗೆ ಕಟ್ಟಿನ ಪ್ರಕಾರ ಸಲ್ಲದು, ತಾಯಿಯ ಮನೆಯನ್ನಂತೂ ಅವಳು ಬಿಟ್ಟು ಬಂದವಳು. ಉಳಿದದ್ದು ಹೊಸದೊಂದು ನಾಡನ್ನು ಕೊಡುವ ದಾರಿ. ಐತಿಹ್ಯವನ್ನು ಇತಿಹಾಸವೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮ ಮನೆತನದ ಮೂಲಕ್ಕೆ ಒಂದು ಒಲವಿನ ಕಥೆಯನ್ನು ಹೇಳಿಕೊಳ್ಳಲು ಆ ಅರಸರು ಹಿಂಜರಿಯಲಿಲ್ಲ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ನಿಯಮ ಇನ್ನೂ ಬಿಗಿಯಾಗಿರುವಂತೆ ಕಾಣುತ್ತದೆ. ನಿಜವೇ?
(ಗೃಹಿಣಿ, ಉಪ್ಪಳ)

ಉತ್ತರ: ಜಪಾನಿನಲ್ಲಿ ನಿಜ. 1947ರ ಅರಮನೆ ಕಾನೂನಿನ ಪ್ರಕಾರ ಸಾಮಾನ್ಯನನ್ನು ಮದುವೆಯಾದ ರಾಜಕುಮಾರಿ ಮನೆತನದಿಂದ ಹೊರಗಾಗುತ್ತಾಳೆ, ರಾಜಕುಮಾರನಿಗೆ ಆ ಕಟ್ಟಳೆ ಇಲ್ಲ. ಕಾಲೇಜಿನ ಸಹಪಾಠಿಯನ್ನು ಮೆಚ್ಚಿದ ಮಾಕೋ ಅವರು ವರನ ತಾಯಿಯ ಹಣಕಾಸಿನ ವಿವಾದದಿಂದಾಗಿ ವರ್ಷಗಟ್ಟಲೆ ಟೀಕೆಯನ್ನು ಸಹಿಸಿ, 2021ರ ಅಕ್ಟೋಬರ್ 26ರಂದು ಯಾವ ವಿಧಿಯೂ ಇಲ್ಲದೆ ಮದುವೆ ನೋಂದಾಯಿಸಿದರು. ಸರಕಾರದಿಂದ ಸಲ್ಲಬೇಕಾದ ದೊಡ್ಡ ಮೊತ್ತವನ್ನೂ ಬೇಡವೆಂದರು.

ಇಂಗ್ಲೆಂಡಿನಲ್ಲಿ ಕಾನೂನು ಗಂಡು ಹೆಣ್ಣೆಂದು ಭೇದ ಮಾಡಿರಲಿಲ್ಲ, ಆದರೂ ರಾಜಕುಮಾರಿ ಮಾರ್ಗರೆಟ್ ಅದರ ಪೆಟ್ಟು ತಿಂದರು. 1953ರಲ್ಲಿ ಅಕ್ಕನ ಪಟ್ಟಾಭಿಷೇಕದ ದಿನ, ಅರಮನೆಯ ಅಧಿಕಾರಿ ಪೀಟರ್ ಟೌನ್ಸೆಂಡ್ ಅವರ ಸಮವಸ್ತ್ರದ ಮೇಲಿದ್ದ ಒಂದು ನೂಲೆಳೆಯನ್ನು ಅವರು ಕೈಯಿಂದ ಸರಿಸಿದ್ದನ್ನು ಪತ್ರಕರ್ತರು ಕಂಡರು. ಇಬ್ಬರ ಒಲವು ಅದರಿಂದಲೇ ಲೋಕಕ್ಕೆ ತಿಳಿಯಿತು. ಟೌನ್ಸೆಂಡ್ ವಿಚ್ಛೇದಿತರು. 25 ವರ್ಷ ತುಂಬುವವರೆಗೆ ದೊರೆಯ ಒಪ್ಪಿಗೆ ಇಲ್ಲದೆ ಮದುವೆಯಾಗುವಂತಿಲ್ಲ ಎಂಬ 1772ರ ಕಾನೂನು ಅಡ್ಡ ನಿಂತಿತು. ಆ ಕಾನೂನು ಹುಟ್ಟಿದ್ದು, ತನ್ನನ್ನು ಕೇಳದೆ ಮದುವೆಯಾದ ತಮ್ಮನ ಮೇಲೆ ಮೂರನೆಯ ಜಾರ್ಜ್ ದೊರೆಗೆ ಬಂದ ಸಿಟ್ಟಿನಿಂದ. ಒಬ್ಬ ಅಣ್ಣನ ಕೋಪ 180 ವರ್ಷಗಳ ಬಳಿಕ ಒಬ್ಬ ತರುಣಿಯ ಬಾಳಿಗೆ ಕರ್ತವ್ಯವಾಗಿ ಬಂದು ಕುಳಿತದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. 1955ರ ಅಕ್ಟೋಬರ್ 31ರಂದು ಮಾರ್ಗರೆಟ್, ಚರ್ಚಿನ ಬೋಧನೆಯನ್ನೂ ಕಾಮನ್‌ವೆಲ್ತಿನ ಕಡೆಗಿನ ತಮ್ಮ ಕರ್ತವ್ಯವನ್ನೂ ನೆನೆದು ಮದುವೆಯಿಂದ ಹಿಂದೆ ಸರಿದಿರುವುದಾಗಿ ಪ್ರಕಟಿಸಿದರು. ಉತ್ತರಾಧಿಕಾರದ ಹಕ್ಕನ್ನಷ್ಟೇ ಬಿಟ್ಟು, ಪದವಿಯನ್ನೂ ಭತ್ಯೆಯನ್ನೂ ಉಳಿಸಿಕೊಂಡು ಮದುವೆಯಾಗಲು ಅನುವಾಗುವಂತೆ ಕಾನೂನು ತಿದ್ದುವ ಯೋಜನೆಯೊಂದು ಸರಕಾರದ ಬಳಿ ಸಿದ್ಧವಾಗಿತ್ತೆಂದು 2004ರಲ್ಲಿ ಬಹಿರಂಗವಾದ ಕಡತಗಳು ತೋರಿಸಿದವು. 2015ರಲ್ಲಿ ಆ ಹಳೆಯ ಕಾನೂನು ರದ್ದಾಯಿತು. ಈಗ ಒಪ್ಪಿಗೆ ಬೇಕಾದದ್ದು ಸಿಂಹಾಸನದ ಸಾಲಿನ ಮೊದಲ ಆರು ಮಂದಿಗೆ ಮಾತ್ರ.

ಪ್ರಶ್ನೆ: ನಮ್ಮೂರಿನ ತಾಳಮದ್ದಳೆಯಲ್ಲಿ ಅಂಬೆಯ ಅರ್ಥ ಹೇಳಲು ನನಗೆ ಸೂಚಿಸಿದ್ದಾರೆ. ಎದುರಿನ ಸಾಲ್ವ ನುರಿತ ಅರ್ಥಧಾರಿಗಳು. “ಅರಸನಾದವನಿಗೆ ಮನಸ್ಸಿಗಿಂತ ಮಾನ ದೊಡ್ಡದು” ಎಂದು ಅವರು ವಾದ ಹೂಡಿದರೆ ನಾನು ಏನು ಹೇಳಬೇಕು?
(ಕಾಲೇಜು ವಿದ್ಯಾರ್ಥಿನಿ, ಬದಿಯಡ್ಕ)

ಉತ್ತರ: ಮೊದಲನೆಯದಾಗಿ, ಅಳಬೇಡಿ. ಕರುಣರಸವನ್ನು ಭಾಗವತರ ಪದ್ಯ ನೋಡಿಕೊಳ್ಳುತ್ತದೆ. ಅರ್ಥದಲ್ಲಿ ಅಂಬೆ ಕಾಶಿರಾಜನ ಮಗಳಾಗಿ, ನ್ಯಾಯ ಕೇಳಲು ಬಂದವಳಾಗಿ ನಿಲ್ಲಬೇಕು. ಸ್ವಯಂವರಕ್ಕೆ ಮೊದಲೇ ತಾನು ಸಾಲ್ವನನ್ನು ಮನಸಾ ವರಿಸಿದ್ದು, ಅವನೂ ಒಪ್ಪಿದ್ದು, ಅದು ತಂದೆಗೂ ಸಮ್ಮತವಾಗಿದ್ದುದು, ಇದನ್ನು ತಿಳಿದ ಭೀಷ್ಮ ತಾನಾಗಿ ಕಳುಹಿಸಿಕೊಟ್ಟದ್ದು, ಇವಿಷ್ಟನ್ನು ಆರಂಭದಲ್ಲೇ ಸಾಲ್ವನ ಬಾಯಿಂದ ಒಪ್ಪಿಸಿಕೊಳ್ಳಿ. ಒಂದನ್ನು ಒಪ್ಪಿದ ಮೇಲೆ ಇನ್ನೊಂದನ್ನು ಅಲ್ಲಗಳೆಯುವುದು ಅವರಿಗೆ ಕಷ್ಟವಾಗುತ್ತದೆ.

ಮಾನದ ಮಾತು ಬಂದಾಗ, ಅರಸನ ಧರ್ಮ ಯಾರನ್ನು ಕಾಯುವುದಕ್ಕೆ ಇದೆ ಎಂದು ಕೇಳಿ. ನನ್ನನ್ನು ಸ್ವೀಕರಿಸಿದರೆ ನಿನ್ನ ಪ್ರಜೆಗಳಲ್ಲಿ ಯಾರ ಹೊಲ ಒಣಗುತ್ತದೆ, ಯಾರ ಮನೆಗೆ ಕೇಡು ಬರುತ್ತದೆ, ಒಬ್ಬನ ಹೆಸರನ್ನು ಹೇಳು ಎನ್ನಿ. ಶರಣು ಬಂದವಳನ್ನು ಕಾಯುವುದೂ ರಾಜಧರ್ಮವೇ ಎಂದು ಸೇರಿಸಿ. ನುರಿತವರು ಅಲ್ಲಿಗೆ ಸೋಲುವುದಿಲ್ಲ. ಯುದ್ಧದಲ್ಲಿ ಗೆದ್ದವನಿಗೆ ಸೇರಿದ ಹೆಣ್ಣನ್ನು ಸೋತವನು ಕೈಹಿಡಿಯುವುದು ಕ್ಷತ್ರಿಯನಿಗೆ ಸಲ್ಲದು ಎಂಬ ತಮ್ಮ ಕೊನೆಯ ಅಸ್ತ್ರವನ್ನು ತೆಗೆಯುತ್ತಾರೆ. ಅದಕ್ಕೆ ನಿಮ್ಮ ಉತ್ತರ ಸಿದ್ಧವಿರಲಿ: “ಆ ಯುದ್ಧದಲ್ಲಿ ಭೀಷ್ಮ ನನ್ನೊಬ್ಬಳನ್ನೇ ಗೆದ್ದದ್ದಲ್ಲ, ನಿನ್ನ ಪ್ರಾಣವನ್ನೂ ಗೆದ್ದು ನಿನಗೆ ಮರಳಿಸಿದ. ಅವನು ಬಿಟ್ಟುಕೊಟ್ಟ ಪ್ರಾಣವನ್ನು ನಾಚದೆ ತೆಗೆದುಕೊಂಡು ಸಿಂಹಾಸನದ ಮೇಲೆ ಕುಳಿತಿರುವೆ. ಅವನೇ ಬಿಟ್ಟುಕೊಟ್ಟ ನನ್ನನ್ನು ತೆಗೆದುಕೊಳ್ಳಲು ಮಾತ್ರ ನಾಚಿಕೆಯೇ?” ಇಷ್ಟು ಹೇಳಿ ನಿಲ್ಲಿಸಿ, ಮುಂದಿನ ಪದ್ಯಕ್ಕೆ ಭಾಗವತರಿಗೆ ಎಡೆ ಕೊಡಿ.